ವಾಸನೆ ಸಾಕೋ, ಡಿಗ್ರಿ ಬೇಕೋ? ಗುಣಾತ್ಮಕ ಮತ್ತು ಪರಿಮಾಣಾತ್ಮಕ ವೀಕ್ಷಣೆ: ಹಾಲಿನ ಪರೀಕ್ಷೆಯ ಮೂಲಕ ಒಂದು ಹೋಲಿಕೆ

ಹಾಲಿನ ಕ್ಯಾನಿನ ಮುಚ್ಚಳ ತೆಗೆದು ಮೂಸಿ ‘ಹುಳಿ ವಾಸನೆ ಇದೆ’ ಎಂದು ಬರೆದುಕೊಂಡರೆ ಅದು ಗುಣಾತ್ಮಕ ವೀಕ್ಷಣೆ. ಅದೇ ಹಾಲನ್ನು ಬ್ಯುರೆಟ್ಟಿನ (ದ್ರಾವಣವನ್ನು ಹನಿಹನಿಯಾಗಿ ಅಳೆದು ಬಿಡುವ ಗಾಜಿನ ಕೊಳವೆ) ಕೆಳಗಿಟ್ಟು ‘ಆಮ್ಲತೆ ಶೇ 0.21’ ಎಂದು ಬರೆದರೆ ಪರಿಮಾಣಾತ್ಮಕ ವೀಕ್ಷಣೆ. ಮೊದಲನೆಯದು ವಸ್ತು ಹೇಗಿದೆ ಎಂದು ಹೇಳುತ್ತದೆ, ಎರಡನೆಯದು ಎಷ್ಟಿದೆ ಎಂದು. ಶಾಲೆಯ ಟಿಪ್ಪಣಿಗಳು ಸಾಮಾನ್ಯವಾಗಿ ಇಲ್ಲಿಗೇ ಮುಗಿಯುತ್ತವೆ. ಪ್ರಯೋಗಕ್ಕೆ ಇಳಿದವರಿಗೆ ತೊಡಕು ಶುರುವಾಗುವುದು ಇದರ ನಂತರ: ಈಗ ಮಾಡುತ್ತಿರುವ ಕೆಲಸಕ್ಕೆ ಇವೆರಡರಲ್ಲಿ ಯಾವುದು ಬೇಕು, ಯಾವಾಗ ಎರಡೂ ಬೇಕು?

ಉದಾಹರಣೆಗೆ ಹಾಲನ್ನೇ ಹಿಡಿದುಕೊಳ್ಳೋಣ. ಹಳ್ಳಿಯ ಹಾಲು ಉತ್ಪಾದಕರ ಸಂಘದಲ್ಲಿ ಬೆಳಿಗ್ಗೆ, ಸಂಜೆ ಎರಡೂ ಬಗೆಯ ವೀಕ್ಷಣೆ ಅಕ್ಕಪಕ್ಕದಲ್ಲೇ ನಡೆಯುತ್ತವೆ. ಅಲ್ಲಿ ತಪ್ಪಾದರೆ ಒಂದೋ ರೈತನ ದುಡ್ಡು ಹೋಗುತ್ತದೆ, ಇಲ್ಲವೇ ಒಬ್ಬರ ಕೆಟ್ಟ ಹಾಲು ಬೆರೆತು ಇಡೀ ಟ್ಯಾಂಕರ್ ಹಾಳಾಗುತ್ತದೆ.

ಮೊದಲು ತೀರ್ಮಾನ ಏನೆಂದು ಗೊತ್ತುಮಾಡಿಕೊಳ್ಳಿ

ವೀಕ್ಷಣೆಯ ಬಗೆಯನ್ನು ಆರಿಸುವ ಮೊದಲು ಅದರ ಆಧಾರದ ಮೇಲೆ ಏನು ತೀರ್ಮಾನಿಸಬೇಕಿದೆ ಎಂದು ಒಂದು ಸಾಲಿನಲ್ಲಿ ಬರೆದುಕೊಳ್ಳಿ. ‘ಈ ಹಾಲನ್ನು ತೆಗೆದುಕೊಳ್ಳಬೇಕೇ, ಬೇಡವೇ?’ ಎಂಬುದು ಹೌದು–ಇಲ್ಲ ಎಂಬ ಪ್ರಶ್ನೆ. ‘ಈ ಹಾಲಿಗೆ ಲೀಟರಿಗೆ ಎಷ್ಟು ಕೊಡಬೇಕು?’ ಎಂಬುದು ಎಷ್ಟು ಎಂಬ ಪ್ರಶ್ನೆ. ಮೊದಲನೆಯದಕ್ಕೆ ಬಹುಪಾಲು ಸಲ ಗುಣಾತ್ಮಕ ಪರೀಕ್ಷೆ ಸಾಕು, ಅದೇ ವೇಗದ್ದು ಕೂಡ. ಎರಡನೆಯದಕ್ಕೆ ಅಳತೆ ಇಲ್ಲದೆ ನಡೆಯುವುದಿಲ್ಲ. ‘ಗಟ್ಟಿ ಹಾಲು’ ಎಂಬ ಮಾತಿಗೆ ದರ ಕಟ್ಟಲಾಗದು.

ಬೇಡವೇ–ಬೇಕೇ ಎಂಬುದಕ್ಕೆ ಡೇರಿಯಲ್ಲಿ ಬಳಸುವ ಎರಡು ಪರೀಕ್ಷೆಗಳನ್ನು ನೋಡಿ. ಒಂದು ಕುದಿಸಿ ನೋಡುವುದು: ಪ್ರನಾಳದಲ್ಲಿ 5 ಮಿ.ಲೀ. ಹಾಲು ಹಾಕಿ, ಕುದಿಯುವ ನೀರಿನಲ್ಲಿ 5 ನಿಮಿಷ ಇಟ್ಟು, ತೆಗೆದು ಓರೆ ಮಾಡಿ ಗಾಜಿನ ಗೋಡೆ ನೋಡಬೇಕು. ಗರಣೆ, ಕಣ ಅಂಟಿಕೊಂಡಿದ್ದರೆ ಹಾಲು ಒಡೆದಿದೆ, ಅದು ಬೇಡ. ಇನ್ನೊಂದು ಆಲ್ಕೋಹಾಲ್ ಪರೀಕ್ಷೆ: 5 ಮಿ.ಲೀ. ಹಾಲಿಗೆ ಅಷ್ಟೇ ಪ್ರಮಾಣದ ಶೇ 68ರ ಎಥೆನಾಲ್ ಬೆರೆಸಿ, ಪ್ರನಾಳವನ್ನು ಮೆಲ್ಲಗೆ ತಲೆಕೆಳಗು ಮಾಡಿ ಚೂರುಗಳು ಕಾಣುತ್ತವೆಯೇ ನೋಡುವುದು. ಕುದಿಸಿದಾಗ ಒಡೆಯದ ಹಾಲೂ ಕೆಲವೊಮ್ಮೆ ಆಲ್ಕೋಹಾಲಿಗೆ ಒಡೆಯುತ್ತದೆ, ಆದ್ದರಿಂದ ಇದು ಹೆಚ್ಚು ಸೂಕ್ಷ್ಮ. ಆದರೆ ಗಿಣ್ಣು ಹಾಲು, ಕೆಚ್ಚಲು ಬಾವು ಬಂದ ಹಸುವಿನ ಹಾಲು, ಲವಣಗಳ ಸಮತೋಲ ತಪ್ಪಿದ ಹಾಲು ಕೂಡ ಹುಳಿಯಾಗದೆಯೇ ಇಲ್ಲಿ ಚೂರು ತೋರಿಸುತ್ತವೆ. ಹಾಗಾಗಿ ನೋಟ್‌ಬುಕ್‌ನಲ್ಲಿ ‘ಆಲ್ಕೋಹಾಲ್ ಬೆರೆಸಿದಾಗ ಚೂರು ಕಂಡಿತು’ ಎಂದಷ್ಟೇ ಬರೆಯಬೇಕು. ‘ಹಾಲು ಹುಳಿಯಾಗಿದೆ’ ಎಂದು ಬರೆದರೆ ಅದು ಊಹೆ. ವಿದ್ಯಾರ್ಥಿಗಳ ವರದಿಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ತಪ್ಪು ಇದೇ: ಕಂಡದ್ದನ್ನು ಬಿಟ್ಟು, ಕಂಡದ್ದರಿಂದ ಅಂದುಕೊಂಡದ್ದನ್ನು ವೀಕ್ಷಣೆಯ ಕಲಂನಲ್ಲಿ ತುಂಬುವುದು.

‘ಇದೆಯೇ, ಇಲ್ಲವೇ’ ಎಂದು ಕೇಳುವುದು ಸರಿಯೇ ಎಂದು ಕೂಡ ಯೋಚಿಸಬೇಕು. ಹಾಲಿಗೆ ಹಿಟ್ಟು ಬೆರೆಸಿದ್ದಾರೆಯೇ ಎಂದು ನೋಡಲು ಸ್ವಲ್ಪ ಹಾಲನ್ನು ಕುದಿಸಿ, ಪೂರ್ತಿ ಆರಿಸಿ, ಎರಡು ಮೂರು ಹನಿ ಅಯೋಡಿನ್ ಟಿಂಕ್ಚರ್ ಹಾಕುತ್ತಾರೆ. ನೀಲಿಯಾದರೆ ಪಿಷ್ಟವಿದೆ. ಹಾಲಿನಲ್ಲಿ ಸಹಜವಾಗಿ ಪಿಷ್ಟ ಇರುವುದೇ ಇಲ್ಲ, ಆದ್ದರಿಂದ ನೀಲಿ ಕಂಡರೆ ಮಾತು ಮುಗಿಯಿತು, ಅದು ಎಷ್ಟು ಗ್ರಾಂ ಎಂದು ಅಳೆಯುವ ಅಗತ್ಯವಿಲ್ಲ. ಹಾಲನ್ನು ಆರಿಸದೆ ಬಿಸಿಯಲ್ಲೇ ಅಯೋಡಿನ್ ಹಾಕಿದರೆ ಮಾತ್ರ ನೀಲಿ ಬರದೆ ಮೋಸವಾಗುತ್ತದೆ. ಯೂರಿಯಾದ ಕತೆ ಬೇರೆ. ಹಾಲಿನಲ್ಲಿ ಯೂರಿಯಾ ಸಹಜವಾಗಿಯೇ ಇರುತ್ತದೆ, ಭಾರತದ ಆಹಾರ ಸುರಕ್ಷತಾ ನಿಯಮಗಳು 700 ಪಿಪಿಎಂವರೆಗೆ (ಹತ್ತು ಲಕ್ಷ ಭಾಗದಲ್ಲಿ 700 ಭಾಗ) ಒಪ್ಪುತ್ತವೆ. ಡಿಎಂಎಬಿ ಎಂಬ ರಾಸಾಯನಿಕ ಹಾಕಿದಾಗ ಶುದ್ಧ ಹಾಲು ಕೂಡ ತಿಳಿ ಹಳದಿಗೆ ತಿರುಗುತ್ತದೆ, ಯೂರಿಯಾ ಬೆರೆಸಿದ ಹಾಲು ಗಾಢ ಹಳದಿಯಾಗುತ್ತದೆ. ತಿಳಿಗೂ ಗಾಢಕ್ಕೂ ನಡುವಿನ ಗೆರೆಯನ್ನು ಬರಿಗಣ್ಣು ಎಳೆದರೆ ಜಗಳ ಖಂಡಿತ. ಸಹಜವಾಗಿಯೇ ಇರುವ ವಸ್ತುವಿನ ಪ್ರಶ್ನೆ ಬಂದಾಗ ಬಣ್ಣದಿಂದ ಅನುಮಾನ ಪಡಬಹುದು, ತೀರ್ಪು ಕೊಡಲು ಪ್ರಯೋಗಾಲಯದ ಅಂಕಿ ಬೇಕು.

ಅಳತೆಗೆ ಇಳಿದರೆ: ಡಿಗ್ರಿ

ಲ್ಯಾಕ್ಟೋಮೀಟರ್ ಹಾಲಿನ ಸಾಂದ್ರತೆಯನ್ನು ಅಳೆಯುತ್ತದೆ. 30 ‘ಡಿಗ್ರಿ’ ಎಂದರೆ ಸಾಪೇಕ್ಷ ಸಾಂದ್ರತೆ 1.030. ಇದಕ್ಕಿಂತ ಸುಲಭದ ಅಳತೆ ಇಲ್ಲ ಅನ್ನಿಸುತ್ತದೆ, ಆದರೆ ತಪ್ಪು ನುಸುಳುವುದಕ್ಕೂ ಇಲ್ಲಿ ಬೇಕಾದಷ್ಟು ದಾರಿಗಳಿವೆ.

ಆಗ ತಾನೇ ಕರೆದ ಹಾಲಿನಲ್ಲಿ ಗಾಳಿಯ ಗುಳ್ಳೆ ಸೇರಿರುತ್ತದೆ, ಓದು ಕಡಿಮೆ ಬರುತ್ತದೆ. ಅರ್ಧ ಗಂಟೆಯಾದರೂ ಬಿಡಬೇಕು. ಆಮೇಲೆ ಹಾಲನ್ನು ನೊರೆ ಬರದಂತೆ ಕಲಕಿ, ಜಾರ್‌ನ ಅಂಚಿಗೆ ತಾಕುವಂತೆ ಇಳಿಸಿ ತುಂಬಿಸಬೇಕು. ಲ್ಯಾಕ್ಟೋಮೀಟರ್ ಜಾರ್‌ನ ಗೋಡೆಗೆ ಅಂಟಿಕೊಳ್ಳದೆ ನಡುವೆ ತೇಲುತ್ತಿರಬೇಕು. ಹಿಂದಿನ ಸಲದ ಹಾಲು ಒಣಗಿ ಅದರ ಮೈಗೆ ಅಂಟಿದ್ದರೆ ತೂಕ ಹೆಚ್ಚಾಗಿ ಇನ್ನಷ್ಟು ಮುಳುಗುತ್ತದೆ, ಓದು ಕಡಿಮೆ ಬಂದು ಒಳ್ಳೆಯ ಹಾಲಿಗೂ ನೀರು ಬೆರೆಸಿದ ಅಪವಾದ ಬರುತ್ತದೆ.

ಎಲ್ಲಕ್ಕಿಂತ ದೊಡ್ಡದು ಉಷ್ಣತೆ. ಕ್ವೆವೆನ್ ಲ್ಯಾಕ್ಟೋಮೀಟರನ್ನು 60 ಡಿಗ್ರಿ ಫ್ಯಾರನ್‌ಹೀಟ್‌ಗೆ, ಅಂದರೆ ಸುಮಾರು 15.6 ಸೆಲ್ಸಿಯಸ್‌ಗೆ ಹೊಂದಿಸಿರುತ್ತಾರೆ. ಹಾಲು ಅದಕ್ಕಿಂತ ಬಿಸಿಯಿದ್ದರೆ ಪ್ರತಿ ಫ್ಯಾರನ್‌ಹೀಟ್ ಡಿಗ್ರಿಗೆ 0.1 ಕೂಡಿಸಬೇಕು, ತಣ್ಣಗಿದ್ದರೆ ಅಷ್ಟೇ ಕಳೆಯಬೇಕು. ಬೇರೆ ಉಷ್ಣತೆಗೆ ಹೊಂದಿಸಿದ ಲ್ಯಾಕ್ಟೋಮೀಟರುಗಳೂ ಮಾರುಕಟ್ಟೆಯಲ್ಲಿವೆ, ಆದ್ದರಿಂದ ಗಾಜಿನ ಮೇಲೆ ಏನು ಬರೆದಿದೆ ಎಂದು ಓದಿಯೇ ಮುಂದುವರಿಯಿರಿ.

ಲೆಕ್ಕ ಮಾಡಿ ನೋಡಿದರೆ ಇದರ ತೂಕ ತಿಳಿಯುತ್ತದೆ. ಹಾಲಿನ ಉಷ್ಣತೆ 80 ಫ್ಯಾರನ್‌ಹೀಟ್, ಲ್ಯಾಕ್ಟೋಮೀಟರ್ 28 ತೋರಿಸಿತು, ಫ್ಯಾಟ್ ಶೇ 4.0 ಎಂದುಕೊಳ್ಳಿ. 20 ಡಿಗ್ರಿ ಹೆಚ್ಚಿರುವುದರಿಂದ 2 ಕೂಡಿಸಬೇಕು, ತಿದ್ದಿದ ಓದು 30. ಈ ಮಾಪಕಕ್ಕೆ ಹೊಂದುವ ರಿಚ್‌ಮಂಡ್ ಸೂತ್ರದ ಪ್ರಕಾರ ಎಸ್‌ಎನ್‌ಎಫ್ (ಹಾಲಿನಲ್ಲಿ ಕೊಬ್ಬನ್ನು ಬಿಟ್ಟು ಉಳಿದ ಘನಾಂಶ) = ಓದು ÷ 4 + 0.2 × ಫ್ಯಾಟ್ + 0.14. ಅಂದರೆ 7.5 + 0.8 + 0.14 = ಶೇ 8.44. ತಿದ್ದುಪಡಿ ಮರೆತು 28ನ್ನೇ ಹಾಕಿದರೆ 7.0 + 0.8 + 0.14 = ಶೇ 7.94. ಹಾಲು ಒಂದೇ, ಅರ್ಧ ಶೇಕಡ ವ್ಯತ್ಯಾಸ. ಥರ್ಮಾಮೀಟರ್ ಹಾಕದೆ ಬರೆದ ಡಿಗ್ರಿಗೆ ಬೆಲೆ ಇಲ್ಲ ಎಂದು ನಾವು ಹೇಳುವುದು ಇದಕ್ಕೇ. ನಿಖರವಾಗಿ ಕಾಣುವ ಸಂಖ್ಯೆಯನ್ನು ಯಾರೂ ಪ್ರಶ್ನಿಸುವುದಿಲ್ಲ, ಆದ್ದರಿಂದಲೇ ಅದರ ತಪ್ಪು ಹೆಚ್ಚು ದೂರ ಹೋಗುತ್ತದೆ.

ಫ್ಯಾಟ್: ಕಣ್ಣು ಒಪ್ಪಿದ ಮೇಲೆ ಅಂಕಿ

ಸ್ವಿಟ್ಜರ್‌ಲೆಂಡಿನ ನಿಕ್ಲಾಸ್ ಗರ್ಬರ್ 19ನೇ ಶತಮಾನದ ಕೊನೆಗೆ ರೂಪಿಸಿದ ವಿಧಾನ ಇಂದಿಗೂ ಫ್ಯಾಟ್ ಪರೀಕ್ಷೆಯ ಆಧಾರ. ಬ್ಯುಟಿರೋಮೀಟರಿಗೆ (ಫ್ಯಾಟ್ ಓದಲು ಗೆರೆ ಹಾಕಿದ ಗಾಜಿನ ಕೊಳವೆ) ಮೊದಲು 10 ಮಿ.ಲೀ. ಗರ್ಬರ್ ಸಲ್ಫ್ಯೂರಿಕ್ ಆಮ್ಲ (ಸುಮಾರು ಶೇ 90–91), ಅದರ ಮೇಲೆ ಗೋಡೆಯ ಮೂಲಕ ನಿಧಾನವಾಗಿ 10.75 ಮಿ.ಲೀ. ಹಾಲು, ಕೊನೆಗೆ 1 ಮಿ.ಲೀ. ಅಮೈಲ್ ಆಲ್ಕೋಹಾಲ್. ಬಿರಡೆ ಹಾಕಿ, ಬಟ್ಟೆಯಲ್ಲಿ ಹಿಡಿದು ಮೊಸರಿನಂಥ ಗಂಟು ಪೂರ್ತಿ ಕರಗುವವರೆಗೆ ಅಲುಗಾಡಿಸಬೇಕು. ಆಗ ಅದು ಕೈ ಸುಡುವಷ್ಟು ಬಿಸಿಯಾಗುತ್ತದೆ. ಆಮೇಲೆ ಸೆಂಟ್ರಿಫ್ಯೂಜ್‌ನಲ್ಲಿ ನಿಮಿಷಕ್ಕೆ 1100 ಸುತ್ತಿನಂತೆ 4–5 ನಿಮಿಷ, ನಂತರ 65 ಸೆಲ್ಸಿಯಸ್ ನೀರಿನಲ್ಲಿ ಕೆಲವು ನಿಮಿಷ ಇಟ್ಟು ಓದಬೇಕು. ಕನ್ನಡಕ, ಕೈಗವಸು ಇಲ್ಲದೆ ಮಕ್ಕಳ ಕೈಗೆ ಇದನ್ನು ಕೊಡಬಾರದು.

ಓದುವ ಮೊದಲು ಫ್ಯಾಟಿನ ಕಂಬವನ್ನು ಸುಮ್ಮನೆ ನೋಡಿ. ಅದು ತಿಳಿಯಾದ ಹುಲ್ಲುಹಳದಿ ಬಣ್ಣದಲ್ಲಿ, ಮೇಲೆ ಕೆಳಗೆ ಗೆರೆ ಕೊರೆದಂತೆ ಇದ್ದರೆ ಅಂಕಿ ನಂಬಬಹುದು. ಕಂಬದ ತಳದಲ್ಲಿ ಕಪ್ಪು ಕರಕಲು ಚೂರು ಕಂಡರೆ ಆಮ್ಲ ಹೆಚ್ಚು ಪ್ರಬಲವಿತ್ತು, ಅಥವಾ ಹಾಲು–ಆಮ್ಲ ಬಿಸಿಯಿದ್ದಾಗಲೇ ಬೆರೆಸಿದ್ದೀರಿ. ಬಿಳಿ ಗರಣೆ ಕಂಡರೆ ಆಮ್ಲಕ್ಕೆ ಶಕ್ತಿ ಸಾಲದು, ಪ್ರೋಟೀನ್ ಪೂರ್ತಿ ಕರಗಿಲ್ಲ. ಎರಡರಲ್ಲೂ ಅಂಕಿ ಏನೇ ಇರಲಿ, ಎಸೆದು ಮತ್ತೆ ಮಾಡಬೇಕು. ಪರಿಮಾಣಾತ್ಮಕ ಪರೀಕ್ಷೆಯ ಹೊಟ್ಟೆಯೊಳಗೇ ಗುಣಾತ್ಮಕ ವೀಕ್ಷಣೆ ಕೂತಿರುವುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಸಿಗಲಿಕ್ಕಿಲ್ಲ. ಹಾಗಾಗಿ ವರದಿಯಲ್ಲಿ ‘ಫ್ಯಾಟ್ ಶೇ 4.0, ಕಂಬ ತಿಳಿ ಹಳದಿ, ಚೂರಿಲ್ಲ’ ಎಂದು ಎರಡನ್ನೂ ಬರೆಯಿರಿ. ಮಾಪಕದ ಗೆರೆ 0.1ಕ್ಕೆ ಒಂದಿದ್ದರೆ ಕಣ್ಣಿನ ಅಂದಾಜಿನಲ್ಲಿ 0.05 ಸಿಕ್ಕೀತು, ಅಷ್ಟೇ. ಮೂರು ಓದಿನ ಸರಾಸರಿ ತೆಗೆದು ಕ್ಯಾಲ್ಕುಲೇಟರ್ ತೋರಿಸಿದ 4.0333ನ್ನು ಹಾಗೆಯೇ ಬರೆದರೆ ಉಪಕರಣಕ್ಕಿಲ್ಲದ ಸೂಕ್ಷ್ಮತೆಯನ್ನು ಅದಕ್ಕೆ ಹೊರಿಸಿದಂತೆ.

ಆಮ್ಲತೆಯ ಅಳತೆಯಲ್ಲೂ ಇದೇ. 10 ಮಿ.ಲೀ. ಹಾಲಿಗೆ ಕೆಲವು ಹನಿ ಫಿನಾಲ್ಫ್ತಲೀನ್ ಹಾಕಿ, 0.1 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್ ಬಿಡುತ್ತಾ ಹೋಗಿ, ನಸುಗುಲಾಬಿ ಬಣ್ಣ ಅರ್ಧ ನಿಮಿಷ ನಿಂತಾಗ ನಿಲ್ಲಿಸಬೇಕು. ಖರ್ಚಾದ ಮಿ.ಲೀ. ಅನ್ನು 0.09ರಿಂದ ಗುಣಿಸಿದರೆ ಲ್ಯಾಕ್ಟಿಕ್ ಆಮ್ಲದ ಶೇಕಡಾವಾರು ಸಿಗುತ್ತದೆ: 1.6 ಮಿ.ಲೀ. ಹಿಡಿದರೆ ಶೇ 0.144, ತಾಜಾ ಹಾಲಿಗೆ ಸಹಜ. ನಸುಗುಲಾಬಿ ಎಂದರೆ ಎಷ್ಟು ಗುಲಾಬಿ ಎಂಬುದು ಮಾತ್ರ ನೋಡುವವರ ಕಣ್ಣಿಗೆ ಬಿಟ್ಟದ್ದು. ಪಕ್ಕದಲ್ಲಿ ಬಣ್ಣ ಹಾಕದ ಅದೇ ಹಾಲನ್ನು ಬಿಳಿ ಕಾಗದದ ಮೇಲಿಟ್ಟು ಹೋಲಿಸಿ ನೋಡಿದರೆ ಇಬ್ಬರ ಓದು ಹತ್ತಿರ ಬರುತ್ತದೆ.

ಅಂಕಿ ಸರಿ, ಹಾಲು ಸರಿಯಿಲ್ಲ

ಕೆನೆ ತೆಗೆದ ಹಾಲಿನ ಡಿಗ್ರಿ ಏರುತ್ತದೆ, ಏಕೆಂದರೆ ಕೊಬ್ಬು ನೀರಿಗಿಂತ ಹಗುರ. ಅದು 35ಕ್ಕೆ ಏರಿತು ಎಂದುಕೊಳ್ಳಿ. ಅಂಥ ಆರು ಲೀಟರಿಗೆ ಒಂದು ಲೀಟರ್ ನೀರು ಸುರಿದರೆ ಡಿಗ್ರಿ ಮತ್ತೆ 30ಕ್ಕೆ ಇಳಿಯುತ್ತದೆ. ಲ್ಯಾಕ್ಟೋಮೀಟರ್ ಪ್ರಕಾರ ಅದು ಅಪ್ಪಟ ಹಾಲು! ಕೆನೆಯೂ ಹೋಯಿತು, ನೀರೂ ಬಂತು, ಅಂಕಿ ಮಾತ್ರ ಅಲುಗಲಿಲ್ಲ. ಬರೀ ನೀರು ಬೆರೆಸಿದ ಹಾಲಿಗೆ ಸಕ್ಕರೆಯನ್ನೋ ಉಪ್ಪನ್ನೋ ಹಾಕಿದರೂ ಡಿಗ್ರಿ ಮೇಲೇಳುತ್ತದೆ. ಒಂದೇ ಅಂಕಿಯನ್ನು ನಂಬಬೇಡಿ, ಡಿಗ್ರಿಯ ಜೊತೆ ಫ್ಯಾಟನ್ನೂ ನೋಡಿ ಎನ್ನುವುದು ಇದಕ್ಕೆ.

ಹುಳಿಯಾಗತೊಡಗಿದ ಹಾಲಿಗೆ ಅಡುಗೆ ಸೋಡಾ ಹಾಕಿದರೆ ಆಮ್ಲತೆಯ ಅಂಕಿ ತಾಜಾ ಹಾಲಿನದಕ್ಕೆ ಇಳಿದುಬಿಡುತ್ತದೆ. ಅದನ್ನು ಹಿಡಿಯುವುದು ಬಣ್ಣದ ಪರೀಕ್ಷೆ: 5 ಮಿ.ಲೀ. ಹಾಲು, 5 ಮಿ.ಲೀ. ಆಲ್ಕೋಹಾಲ್, ಕೆಲವು ಹನಿ ರೋಸಾಲಿಕ್ ಆಮ್ಲ. ಗುಲಾಬಿಗೆಂಪು ಬಂದರೆ ಸೋಡಾ ಇದೆ, ಕಂದು ಛಾಯೆಯಿದ್ದರೆ ಇಲ್ಲ.

ಇನ್ನು ಪಾರ್ಥೇನಿಯಂ. ಮೇವಿನ ಜೊತೆ ಈ ಕಳೆ ಹಸುವಿನ ಹೊಟ್ಟೆ ಸೇರಿದರೆ ಹಾಲು ಕಹಿಯಾಗುತ್ತದೆ. ಫ್ಯಾಟ್ ಸರಿಯಿರುತ್ತದೆ, ಎಸ್‌ಎನ್‌ಎಫ್ ಸರಿಯಿರುತ್ತದೆ, ಆಮ್ಲತೆ ಕೂಡ ಸರಿಯಿರುತ್ತದೆ. ಡೇರಿಯ ಮೇಜಿನ ಮೇಲಿರುವ ಯಾವ ಉಪಕರಣಕ್ಕೂ ಸಿಗದ ದೋಷ ನಾಲಿಗೆಗೆ ಸಿಗುತ್ತದೆ. ರುಚಿ ನೋಡುವಾಗ ಹಾಲನ್ನು ಕುದಿಸಿ ಆರಿಸಿಯೇ ನೋಡಿ, ಹಸಿ ಹಾಲಿನಿಂದ ಬ್ರೂಸೆಲ್ಲಾದಂಥ ರೋಗಾಣು ಮನುಷ್ಯರಿಗೆ ಹರಡಬಲ್ಲದು.

ಮೂಸುವುದಕ್ಕೂ ಒಂದು ಕ್ರಮವಿದೆ. ಕ್ಯಾನಿನ ಮುಚ್ಚಳವನ್ನು ತೆಗೆದ ಕ್ಷಣವೇ ಅದರ ಒಳಮೈಯನ್ನು ಮೂಸಬೇಕು, ಆವಿಯಾಗುವ ವಾಸನೆ ಅಲ್ಲಿ ಕೂಡಿಕೊಂಡಿರುತ್ತದೆ, ತಡಮಾಡಿದರೆ ಹಾರಿಹೋಗುತ್ತದೆ. ಸಾಲಾಗಿ ಮೂಸುತ್ತಾ ಹೋದರೆ ಮೂಗು ಮಂಕಾಗುತ್ತದೆ, ನಡುನಡುವೆ ಬಿಡುವು ಬೇಕು. ಯಾರ ಮನೆಯ ಹಾಲೆಂದು ಗೊತ್ತಿಲ್ಲದಂತೆ ಮಾದರಿಗೆ ಬರೀ ಗುರುತು ಹಾಕಿ ಇಬ್ಬರು ಬೇರೆ ಬೇರೆಯಾಗಿ ಪರೀಕ್ಷಿಸಿ ಆಮೇಲೆ ಟಿಪ್ಪಣಿ ಹೋಲಿಸಿದರೆ, ಗುಣಾತ್ಮಕ ವೀಕ್ಷಣೆಯನ್ನು ‘ಬರೀ ಅಭಿಪ್ರಾಯ’ ಎಂದು ತಳ್ಳಿಹಾಕಲಾಗದು.

ಎರಡರ ನಡುವೆ ನಿಂತವು

ಕೆಚ್ಚಲು ಬಾವು ಪತ್ತೆಗೆ ಬಳಸುವ ಸಿಎಂಟಿ (ಕ್ಯಾಲಿಫೋರ್ನಿಯಾ ಮ್ಯಾಸ್ಟೈಟಿಸ್ ಟೆಸ್ಟ್) ಪರೀಕ್ಷೆಯಲ್ಲಿ ನಾಲ್ಕು ಬಟ್ಟಲಿನ ತಟ್ಟೆಗೆ ಒಂದೊಂದು ಮೊಲೆಯಿಂದ ಸುಮಾರು 2 ಮಿ.ಲೀ. ಹಾಲು ಹಿಂಡಿ, ಅಷ್ಟೇ ದ್ರಾವಣ ಹಾಕಿ ಮೆಲ್ಲಗೆ ಸುತ್ತಿಸುತ್ತಾರೆ. ಎಷ್ಟು ಲೋಳೆಯಾಯಿತು ಎಂದು ನೋಡಿ ಇಲ್ಲ, ಲೇಶ, 1, 2, 3 ಎಂದು ಅಂಕ ಕೊಡುತ್ತಾರೆ. ಇದು ಸಂಖ್ಯೆಯಂತೆ ಕಂಡರೂ ಬರೀ ಮೆಟ್ಟಿಲಿನ ಕ್ರಮ. ‘ಇಲ್ಲ’ ಎಂದರೆ ಮಿ.ಲೀ.ಗೆ ಎರಡು ಲಕ್ಷಕ್ಕಿಂತ ಕಡಿಮೆ ಜೀವಕೋಶ, 1 ಎಂದರೆ ಸುಮಾರು ನಾಲ್ಕರಿಂದ ಹನ್ನೆರಡು ಲಕ್ಷ, 3 ಎಂದರೆ ಐವತ್ತು ಲಕ್ಷಕ್ಕೂ ಮೇಲೆ. ಮೆಟ್ಟಿಲುಗಳ ಎತ್ತರ ಒಂದೇ ಅಲ್ಲ. ಆದ್ದರಿಂದ 3 ಎಂಬುದು 1ರ ಮೂರು ಪಟ್ಟಲ್ಲ, ನಾಲ್ಕು ಬಟ್ಟಲುಗಳ ಸರಾಸರಿ 1.75 ಎಂದು ಬರೆಯುವುದಕ್ಕೂ ಅರ್ಥವಿಲ್ಲ. ಯಾವ ಮೊಲೆಗೆ ಎಷ್ಟು ಅಂಕ ಎಂದು ಬಿಡಿಬಿಡಿಯಾಗಿ ಬರೆಯಿರಿ, ಪಶುವೈದ್ಯರಿಗೆ ಬೇಕಾದದ್ದೂ ಅದೇ.

ಗುಣವನ್ನು ಸಮಯವಾಗಿ ಅಳೆಯುವ ಚಂದದ ಉಪಾಯ ಮೆಥಿಲೀನ್ ಬ್ಲೂ ಪರೀಕ್ಷೆ. 10 ಮಿ.ಲೀ. ಹಾಲಿಗೆ 1 ಮಿ.ಲೀ. ನೀಲಿ ಬಣ್ಣದ ದ್ರಾವಣ ಹಾಕಿ 37 ಸೆಲ್ಸಿಯಸ್ ನೀರಿನಲ್ಲಿಡುತ್ತಾರೆ. ಬ್ಯಾಕ್ಟೀರಿಯಾ ಆಮ್ಲಜನಕವನ್ನು ಬಳಸಿದಂತೆ ನೀಲಿ ಮಾಯವಾಗುತ್ತದೆ. ಐದು ಗಂಟೆ ದಾಟಿದರೂ ನೀಲಿ ಉಳಿದರೆ ಹಸಿ ಹಾಲು ಬಹಳ ಚೆನ್ನಾಗಿದೆ, ಅರ್ಧ ಗಂಟೆಯಲ್ಲೇ ಬೆಳ್ಳಗಾದರೆ ಕಳಪೆ. ನೋಡುವುದು ಬಣ್ಣ, ಬರೆಯುವುದು ಗಂಟೆ. ಮೇಲ್ತುದಿಯ ಸುಮಾರು 5 ಮಿ.ಮೀ. ಗಾಳಿ ತಾಗಿ ನೀಲಿಯಾಗಿಯೇ ಉಳಿಯಬಹುದು, ಅದನ್ನು ಲೆಕ್ಕಕ್ಕೆ ಹಿಡಿಯಬಾರದು. ಕಿಟಕಿಯ ಬಿಸಿಲಿಗೆ ಇಟ್ಟರೆ ಬೆಳಕಿಗೇ ಬಣ್ಣ ಮಾಸಿ ಒಳ್ಳೆಯ ಹಾಲೂ ಕೆಟ್ಟದ್ದಾಗಿ ಕಾಣುತ್ತದೆ.

ಎಣಿಕೆಯ ದಾರಿಯೂ ಒಂದಿದೆ. 40 ಮಾದರಿಗಳನ್ನು ಕುದಿಸಿ ನೋಡಿದಾಗ 3 ಒಡೆದವು ಎಂದರೆ, ಪ್ರತಿಯೊಂದೂ ಗುಣಾತ್ಮಕ, ಒಟ್ಟು ಫಲಿತಾಂಶ ಪರಿಮಾಣಾತ್ಮಕ. ಉಪಕರಣ ಕೊಳ್ಳಲಾಗದ ಶಾಲೆಗಳಿಗೆ ನಾವು ಹೇಳುವ ಮೊದಲ ದಾರಿ ಇದು. ಆದರೆ ಅಂಕಿ ಕಂಡಲ್ಲೆಲ್ಲ ಅಳತೆ ಇದೆ ಎಂದುಕೊಳ್ಳಬೇಡಿ. ಹಸುವಿನ ಕಿವಿಯ ಹಳದಿ ಓಲೆಯಲ್ಲಿ 12 ಅಂಕಿಗಳಿವೆ, ಅವು ಹೆಸರಿನ ಬದಲಿಗೆ ಇರುವವು, ಅವುಗಳಲ್ಲಿ ದೊಡ್ಡದು ಚಿಕ್ಕದು ಎಂಬುದಿಲ್ಲ.

ಇಂದ್ರಿಯಗಳು ಕೈಬಿಡುವ ಜಾಗ

ಹಾಲನ್ನು ಬಿಟ್ಟು ನೀರಿಗೆ ಬಂದರೆ ಲೆಕ್ಕ ಬದಲಾಗುತ್ತದೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯ ಹಲವು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಸಮಸ್ಯೆಯಿದೆ. ಕುಡಿಯುವ ನೀರಿಗೆ ಭಾರತೀಯ ಮಾನಕದ ಮಿತಿ ಲೀಟರಿಗೆ 1.0 ಮಿ.ಗ್ರಾಂ., ಬೇರೆ ಮೂಲವೇ ಇಲ್ಲದಿದ್ದರೆ 1.5. ಈ ಮಟ್ಟದ ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ‘ನೀರು ತಿಳಿಯಾಗಿದೆ, ಸಿಹಿಯಾಗಿದೆ’ ಎಂಬ ನಿಜವಾದ ವೀಕ್ಷಣೆ ಇಲ್ಲಿ ಏನನ್ನೂ ಹೇಳುವುದಿಲ್ಲ. ಮಕ್ಕಳ ಹಲ್ಲಿನ ಮೇಲೆ ಕಲೆ ಕಾಣುವ ಹೊತ್ತಿಗೆ ವರ್ಷಗಳ ತಡವಾಗಿರುತ್ತದೆ. ಇಂಥ ಕಡೆ ಅಳತೆಗೆ ಪರ್ಯಾಯವಿಲ್ಲ.

ಕಲಂಗಳನ್ನು ಹೇಗೆ ಹಾಕಬೇಕು

ದಾಖಲೆಯ ಪುಟದಲ್ಲಿ ಮಾದರಿಯ ಗುರುತು, ಹೊತ್ತು, ಹಾಲಿನ ಉಷ್ಣತೆ ಮೊದಲು ಬರಲಿ. ಆಮೇಲೆ ಕಂಡದ್ದು, ಮೂಸಿದ್ದು. ಅದರ ನಂತರವೇ ಅಳತೆ, ಏಕಮಾನದ ಜೊತೆ. ತೀರ್ಮಾನಕ್ಕೆ ಕೊನೆಯಲ್ಲಿ ಬೇರೆಯೇ ಕಲಂ. ಈ ಕ್ರಮಕ್ಕೆ ಕಾರಣವಿದೆ: ಡಿಗ್ರಿ 24 ಎಂದು ನೋಡಿದ ಮೇಲೆ ಯಾರ ಕಣ್ಣಿಗೂ ಆ ಹಾಲು ತೆಳ್ಳಗೇ ಕಾಣುತ್ತದೆ. ಅಂಕಿ ನೋಡುವ ಮುಂಚೆ ವಿವರಣೆ ಬರೆದು ಮುಗಿಸಿದರೆ ಮಾತ್ರ ಅದು ಸ್ವತಂತ್ರ ಸಾಕ್ಷಿ.

ಮಾತುಗಳೂ ಬಿಗಿಯಾಗಿರಲಿ. ‘ಬಣ್ಣ ಚೆನ್ನಾಗಿದೆ’ ಎಂದರೆ ಓದಿದವರಿಗೆ ಏನೂ ತಿಳಿಯದು. ‘ಪಕ್ಕದ ಎಮ್ಮೆ ಹಾಲಿಗಿಂತ ಹಳದಿ, ಕಿಟಕಿಯ ಬೆಳಕಿನಲ್ಲಿ ಬಿಳಿ ಕಾಗದದ ಮೇಲೆ ನೋಡಿದ್ದು’ ಎಂದರೆ ಇನ್ನೊಬ್ಬರು ಅದನ್ನೇ ಮಾಡಿ ಪರೀಕ್ಷಿಸಬಹುದು.

ಶಾಲೆಯ ಪ್ರಯೋಗಾಲಯಕ್ಕೆ ಹೊಸದಾಗಿ ಸಾಮಾನು ಕೊಳ್ಳುವುದಾದರೆ ಮೊದಲು ಒಂದು ಒಳ್ಳೆಯ ಥರ್ಮಾಮೀಟರ್, ಆಮೇಲೆ ಲ್ಯಾಕ್ಟೋಮೀಟರ್ ಮತ್ತು ಅದು ಸರಾಗವಾಗಿ ತೇಲುವಷ್ಟು ಅಗಲದ ಜಾರ್, ಡಜನ್ ಪ್ರನಾಳ, ಅಯೋಡಿನ್ ಟಿಂಕ್ಚರ್. ಬ್ಯುರೆಟ್ ಇದ್ದರೆ ಆಮ್ಲತೆಯನ್ನೂ ಮಾಡಬಹುದು. ಗರ್ಬರ್ ಪರೀಕ್ಷೆಗೆ ಆಮ್ಲ ತರಿಸುವ ಗೋಜಿಗೆ ಹೋಗಬೇಡಿ, ಅದೇ ಹಾಲಿನ ಮಾದರಿಯನ್ನು ಊರಿನ ಸಂಘಕ್ಕೆ ಒಯ್ದು ಫ್ಯಾಟ್ ಅಂಕಿ ಕೇಳಿ ಬರೆದುಕೊಳ್ಳಿ. ಅಲ್ಲಿ ಯಂತ್ರದಲ್ಲಿ ಅಳೆದರೋ ಗರ್ಬರ್ ವಿಧಾನದಲ್ಲೋ ಎಂಬುದನ್ನು ಅಂಕಿಯ ಪಕ್ಕದಲ್ಲಿ ಬರೆಯುವುದು ಮರೆಯಬೇಡಿ.